ಜಿಮ್ ವ್ಯಾಯಾಮ ಮತ್ತು ಮನೆಯ ವ್ಯಾಯಾಮದ ಹೊಂದಾಣಿಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಜಿಲ್ಲಾ ಕ್ರೀಡಾಂಗಣಗಳಲ್ಲಿರುವ ಜಿಮ್‌ಗಳ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸುವವರಲ್ಲಿ ವಿದ್ಯಾರ್ಥಿಗಳು, ನೌಕರರು, ಗೃಹಿಣಿಯರು, ಹಿರಿಯ ನಾಗರಿಕರು ಹಾಗೂ ಪೊಲೀಸ್ ಮತ್ತು ಸೇನಾ ನೇಮಕಾತಿಗೆ ಸಿದ್ಧತೆ ನಡೆಸುವ ಯುವಜನರು ಇರುತ್ತಾರೆ. ಇವರ ಪೈಕಿ ಹೆಚ್ಚಿನವರಿಗೆ ವಾರದ ಎಲ್ಲಾ ದಿನಗಳಲ್ಲೂ ಜಿಮ್‌ಗೆ ಬರಲು ಸಾಧ್ಯವಾಗುವುದಿಲ್ಲ. ಪ್ರತಿದಿನ ಹೋಗಲಾಗದಿದ್ದರೆ ಪ್ರಯೋಜನವಿಲ್ಲವೆಂದು ಭಾವಿಸಿ ಕೆಲವರು ಸದಸ್ಯತ್ವವನ್ನೇ ಕೈಬಿಡುತ್ತಾರೆ. ಮತ್ತೆ ಕೆಲವರು ಜಿಮ್‌ನಲ್ಲಿ ಮಾಡಿದ ಕಸರತ್ತನ್ನೇ ಸಂಜೆ ಮನೆಯಲ್ಲಿ ಪುನಃ ಮಾಡಿ, ಕೀಲು ಮತ್ತು ಸ್ನಾಯುಗಳ ನೋವಿಗೆ ಒಳಗಾಗುತ್ತಾರೆ. ಇವೆರಡೂ ಸರಿಯಾದ ಕ್ರಮವಲ್ಲ.

ಜಿಮ್ ಮತ್ತು ಮನೆಯ ವ್ಯಾಯಾಮಗಳು ಒಂದೇ ಕೆಲಸವನ್ನು ಎರಡು ಬಾರಿ ಮಾಡುವುದಕ್ಕಲ್ಲ, ಕೆಲಸವನ್ನು ಹಂಚಿಕೊಳ್ಳುವುದಕ್ಕೆ. ವಾರದಲ್ಲಿ ಎರಡು ದಿನ ಜಿಮ್‌ಗೆ ಬಂದು, ಉಳಿದ ದಿನಗಳಲ್ಲಿ ಮನೆಯಲ್ಲಿ ಸೂಕ್ತ ವ್ಯಾಯಾಮವನ್ನು ಮಾಡುವ ವ್ಯಕ್ತಿಯು ಆರೋಗ್ಯಕ್ಕೆ ಅವಶ್ಯವಿರುವ ಪ್ರಮಾಣವನ್ನು ಪೂರ್ಣವಾಗಿ ತಲುಪಬಹುದಾಗಿದೆ. ಅದರ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಈ ಹೊಂದಾಣಿಕೆಯು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 20ನೆಯ ಶತಮಾನದ ಮೊದಲ ಅರ್ಧದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರು ಬಾರ್ಬೆಲ್ ಕಸರತ್ತಿನ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. ಶಾಲೆಗೆ ಬರಲಾಗದವರು ಮನೆಯಲ್ಲಿಯೇ ಅಭ್ಯಾಸ ಮಾಡಲು ಅನುಕೂಲವಾಗುವಂತೆ ಅಂಚೆಯ ಮೂಲಕ ಪಾಠಗಳನ್ನೂ ಕಳುಹಿಸುತ್ತಿದ್ದರು. 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಕನ್ನಡಿಗರಿಗೆ ಪರಿಚಿತರಾದವರು ಇವರೇ.

2. ವಾರಕ್ಕೆ ಅವಶ್ಯವಿರುವ ವ್ಯಾಯಾಮದ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಪ್ರಮಾಣವು ಈ ಕೆಳಕಂಡಂತಿರುತ್ತದೆ.

(ಅ) 18ರಿಂದ 64 ವರ್ಷದವರು: ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮದ ಚಟುವಟಿಕೆ. ಇದರೊಂದಿಗೆ ವಾರದಲ್ಲಿ ಕನಿಷ್ಠ 2 ದಿನ ಎಲ್ಲಾ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ.

(ಆ) 65 ವರ್ಷ ಮತ್ತು ಮೇಲ್ಪಟ್ಟವರು: ಮೇಲಿನ ಪ್ರಮಾಣದ ಜೊತೆಗೆ, ಬೀಳುವುದನ್ನು ತಡೆಗಟ್ಟುವ ಸಲುವಾಗಿ ವಾರದಲ್ಲಿ 3 ಅಥವಾ ಹೆಚ್ಚು ದಿನ ದೇಹದ ಸಮತೋಲನ ಮತ್ತು ಬಲವನ್ನು ವೃದ್ಧಿಸುವ ಚಟುವಟಿಕೆ.

(ಇ) 5ರಿಂದ 17 ವರ್ಷದವರು: ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ.

ಶ್ರಮದ ಮಟ್ಟವನ್ನು ಅಳೆಯಲು ಉಪಕರಣ ಬೇಕಾಗಿಲ್ಲ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಸಾಧಾರಣ ಶ್ರಮ. ಕೆಲವೇ ಪದಗಳಿಗೆ ಉಸಿರು ಕಟ್ಟುವಂತಿದ್ದರೆ ಅದು ತೀವ್ರ ಶ್ರಮ. ಒಂದೇ ಬಾರಿಗೆ ಇಷ್ಟು ನಿಮಿಷ ನಡೆಯಲೇಬೇಕೆಂಬ ನಿಯಮವೂ ಈಗ ಇಲ್ಲ. ಬಸ್ ನಿಲ್ದಾಣಕ್ಕೆ ಚುರುಕಾಗಿ ನಡೆದ 8 ನಿಮಿಷಗಳೂ ವಾರದ ಲೆಕ್ಕಕ್ಕೆ ಸೇರುತ್ತವೆ.

ಮೇಲ್ಕಂಡ ಪ್ರಮಾಣದಲ್ಲಿ ಎರಡು ಭಾಗಗಳಿರುವುದನ್ನು ಗಮನಿಸತಕ್ಕದ್ದು. ನಡಿಗೆಯ ಭಾಗಕ್ಕೆ ಜಿಮ್ ಅವಶ್ಯವಿರುವುದಿಲ್ಲ. ಬಲವರ್ಧನೆಯ ಭಾಗಕ್ಕೆ ಜಿಮ್ ಹೆಚ್ಚು ಉಪಯುಕ್ತ. ಜಿಮ್‌ಗೆ ಬಂದು 45 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದು ಮರಳುವವರು, ಮನೆಯ ಮುಂದಿನ ರಸ್ತೆಯಲ್ಲಿ ಆಗುವ ಕೆಲಸಕ್ಕೆ ಶುಲ್ಕ ಪಾವತಿಸಿದಂತಾಗುತ್ತದೆ.

3. ಜಿಮ್‌ನಲ್ಲಿ ಏನು, ಮನೆಯಲ್ಲಿ ಏನು

ದೇಹದ ಬಲವರ್ಧನೆಯ ಚಲನೆಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು: ತಳ್ಳುವುದು, ಎಳೆಯುವುದು, ಕುಳಿತು ಏಳುವುದು, ಬಾಗಿ ಎತ್ತುವುದು.

ತಳ್ಳುವುದು ಮತ್ತು ಕುಳಿತು ಏಳುವುದನ್ನು ಮನೆಯಲ್ಲಿ ಯಾವುದೇ ಉಪಕರಣವಿಲ್ಲದೆ ಮಾಡಬಹುದು. ಗರಡಿ ಮನೆಗಳ ದಂಡ ಮತ್ತು ಬಸ್ಕಿ ಇವೇ ಆಗಿವೆ. ಪುಷ್-ಅಪ್ ಮಾಡುವಾಗ ದೇಹದ ತೂಕದ ಸುಮಾರು ಮೂರನೇ ಎರಡು ಭಾಗ ಕೈಗಳ ಮೇಲೆ ಬೀಳುತ್ತದೆ. ಅಂದರೆ 60 ಕಿಲೋಗ್ರಾಂ ತೂಕದ ವ್ಯಕ್ತಿಯು ಪ್ರತಿ ಬಾರಿಗೂ ಸುಮಾರು 40 ಕಿಲೋಗ್ರಾಂ ತಳ್ಳಿದಂತಾಗುತ್ತದೆ. ಮೊಣಕಾಲೂರಿ ಮಾಡಿದರೆ ಇದು ದೇಹದ ತೂಕದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಮನೆಯ ವ್ಯಾಯಾಮವನ್ನು ಹಗುರವೆಂದು ಪರಿಗಣಿಸದೆ ವಾರದ ಲೆಕ್ಕದಲ್ಲಿ ಸೇರಿಸತಕ್ಕದ್ದು.

ಎಳೆಯುವ ಚಲನೆಗಳಿಗೆ ಮನೆಯಲ್ಲಿ ಅನುಕೂಲ ಕಡಿಮೆ. ಬೆನ್ನಿನ ಮೇಲ್ಭಾಗ ಮತ್ತು ಭುಜದ ಹಿಂಭಾಗದ ಸ್ನಾಯುಗಳಿಗೆ ಜೋತಾಡಲು ಗಟ್ಟಿಯಾದ ಸಲಾಕೆ ಅಥವಾ ತೂಕ ಎಳೆಯುವ ಯಂತ್ರ ಬೇಕಾಗುತ್ತದೆ. ಮನೆಯಲ್ಲಿ ದಂಡವನ್ನಷ್ಟೇ ಹೊಡೆಯುವವರ ಎದೆಯ ಸ್ನಾಯು ಬಲಗೊಂಡು ಬೆನ್ನು ಹಿಂದುಳಿಯುತ್ತದೆ. ದಿನವಿಡೀ ಕಂಪ್ಯೂಟರ್ ಅಥವಾ ಹೊಲಿಗೆ ಯಂತ್ರದ ಮುಂದೆ ಬಾಗಿ ಕುಳಿತುಕೊಳ್ಳುವವರು ಬೆನ್ನಿನ ಬಲಕ್ಕೆ ವಿಶೇಷ ಗಮನ ನೀಡುವುದು ಸೂಕ್ತ. ಬಾಗಿ ಎತ್ತುವ ಕ್ರಮವನ್ನಂತೂ ತರಬೇತುದಾರರ ಎದುರಿನಲ್ಲಿಯೇ ಕಲಿಯುವುದು ಕ್ಷೇಮಕರ.

ಇದರಂತೆ ಹಂಚಿಕೆಯು ಹೀಗಿರಬಹುದು.

ಜಿಮ್‌ನಲ್ಲಿ:
• ಲ್ಯಾಟ್ ಪುಲ್‌ಡೌನ್, ಕೇಬಲ್ ರೋಯಿಂಗ್ ಮುಂತಾದ ಎಳೆಯುವ ಯಂತ್ರಗಳು
• ಬಾರ್ಬೆಲ್ ಅಥವಾ ಡಂಬೆಲ್‌ನೊಂದಿಗೆ ಬಾಗಿ ಎತ್ತುವುದು
• ತೊಡೆಯ ಸ್ನಾಯುಗಳಿಗೆ ಲೆಗ್ ಪ್ರೆಸ್ ಅಥವಾ ತೂಕ ಹೊತ್ತ ಬಸ್ಕಿ
• ಎದೆ ಮತ್ತು ಭುಜಗಳಿಗೆ ಒಂದು ತಳ್ಳುವ ವ್ಯಾಯಾಮ

ಮನೆಯಲ್ಲಿ ಅಥವಾ ಬಡಾವಣೆಯಲ್ಲಿ:
• ಚುರುಕು ನಡಿಗೆ, ಸೈಕಲ್, ಮೆಟ್ಟಿಲು ಹತ್ತುವುದು
• ಆಸನಗಳು ಮತ್ತು ನಿಧಾನಗತಿಯ ಸೂರ್ಯನಮಸ್ಕಾರ
• ಸಮತೋಲನದ ಅಭ್ಯಾಸ
• ಜಿಮ್ ಇಲ್ಲದ ಒಂದು ದಿನ, ದೇಹದ ತೂಕವನ್ನೇ ಬಳಸಿದ ಬಲವರ್ಧಕ ವ್ಯಾಯಾಮ

4. ವಿಶ್ರಾಂತಿಯ ನಿಯಮ

ಒಂದೇ ಸ್ನಾಯು ಸಮೂಹಕ್ಕೆ ಎರಡು ಬಾರಿ ಕಠಿಣ ಶ್ರಮ ನೀಡುವುದರ ನಡುವೆ ಸುಮಾರು 48 ಗಂಟೆಗಳ ಅಂತರವಿರತಕ್ಕದ್ದು. ಸ್ನಾಯುವು ಬಲಗೊಳ್ಳುವುದು ವ್ಯಾಯಾಮದ ನಂತರದ ವಿಶ್ರಾಂತಿಯಲ್ಲಿ. ಜಿಮ್ ಮತ್ತು ಮನೆ ಎರಡರಲ್ಲೂ ವ್ಯಾಯಾಮ ಮಾಡುವವರು ಹೆಚ್ಚಾಗಿ ಉಲ್ಲಂಘಿಸುವ ನಿಯಮ ಇದೇ ಆಗಿದೆ. ಸೋಮವಾರ ಜಿಮ್‌ನಲ್ಲಿ ತೊಡೆಯ ಕಸರತ್ತು ಮಾಡಿದವರು ಮಂಗಳವಾರ ಮನೆಯಲ್ಲಿ ನೂರಾರು ಬಸ್ಕಿ ಹೊಡೆಯಬಾರದು. ನಡಿಗೆ ಮತ್ತು ಆಸನಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಹೊಸ ವ್ಯಾಯಾಮದ ನಂತರ ಒಂದರಿಂದ ಮೂರು ದಿನ ಮೈಕೈ ನೋವು ಇರುವುದು ಸಹಜ. ಆದರೆ ಅಭ್ಯಾಸವಿಲ್ಲದೆ ಅತಿಯಾದ ಶ್ರಮ ಮಾಡಿದಾಗ ಸ್ನಾಯುವಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವ ಸಂಭವವಿರುತ್ತದೆ. ವ್ಯಾಯಾಮದ ನಂತರ ಮೂತ್ರವು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಲ್ಲಿ, ಅಥವಾ ಸ್ನಾಯು ಊದಿಕೊಂಡು ನೋವು ಅಸಹನೀಯವಾದಲ್ಲಿ, ಮನೆಮದ್ದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.

5. ಮಾದರಿ ವೇಳಾಪಟ್ಟಿ

(ಅ) ವಾರಕ್ಕೆ 2 ದಿನ ಜಿಮ್‌ಗೆ ಬರುವವರು

ಸೋಮವಾರ: ಜಿಮ್, 60 ನಿಮಿಷ
ಮಂಗಳವಾರ: ಚುರುಕು ನಡಿಗೆ, 40 ನಿಮಿಷ
ಬುಧವಾರ: ಚುರುಕು ನಡಿಗೆ 40 ನಿಮಿಷ, ಆಸನಗಳು 15 ನಿಮಿಷ
ಗುರುವಾರ: ಜಿಮ್, 60 ನಿಮಿಷ
ಶುಕ್ರವಾರ: ಚುರುಕು ನಡಿಗೆ 40 ನಿಮಿಷ, ಆಸನಗಳು 15 ನಿಮಿಷ
ಶನಿವಾರ: ಮನೆಯಲ್ಲಿ ಬಲವರ್ಧಕ ವ್ಯಾಯಾಮ, 25 ನಿಮಿಷ
ಭಾನುವಾರ: ಕುಟುಂಬದವರೊಂದಿಗೆ ಚುರುಕು ನಡಿಗೆ, 30 ನಿಮಿಷ

ಈ ಪಟ್ಟಿಯಂತೆ ನಡಿಗೆಯು 150 ನಿಮಿಷ ಹಾಗೂ ಬಲವರ್ಧನೆಯು 3 ದಿನ ಆಗುತ್ತದೆ. ಬಲವರ್ಧನೆಯ ಯಾವ ಎರಡು ದಿನಗಳೂ ಒಂದರ ಹಿಂದೊಂದು ಬರುವುದಿಲ್ಲ.

(ಆ) ವಾರಕ್ಕೆ 3 ದಿನ ಬರುವವರು

ಸೋಮವಾರ, ಬುಧವಾರ ಮತ್ತು ಶುಕ್ರವಾರ ಜಿಮ್. ಮಂಗಳವಾರ, ಗುರುವಾರ ಮತ್ತು ಶನಿವಾರ ತಲಾ 50 ನಿಮಿಷ ನಡಿಗೆ. ಇವರಿಗೆ ಮನೆಯಲ್ಲಿ ಪ್ರತ್ಯೇಕ ಬಲವರ್ಧಕ ವ್ಯಾಯಾಮ ಅವಶ್ಯವಿರುವುದಿಲ್ಲ. ಆಸನಗಳು ಸಾಕು.

(ಇ) ವಾರಕ್ಕೆ ಒಂದೇ ದಿನ ಬರಲು ಸಾಧ್ಯವಿರುವವರು

ಜಿಮ್‌ಗೆ ಬರುವ ದಿನದ ಜೊತೆಗೆ, ಮನೆಯಲ್ಲಿ ಎರಡು ದಿನ ಬಲವರ್ಧಕ ವ್ಯಾಯಾಮ ಮಾಡತಕ್ಕದ್ದು. ಶನಿವಾರ ಜಿಮ್ ಆದಲ್ಲಿ ಸೋಮವಾರ ಮತ್ತು ಗುರುವಾರ ಮನೆಯಲ್ಲಿ ಮಾಡಬಹುದು. ಉಳಿದ ನಾಲ್ಕು ದಿನ ತಲಾ 40 ನಿಮಿಷ ನಡಿಗೆ. ಜಿಮ್‌ಗೆ ಬರುವ ಆ ಒಂದು ದಿನವನ್ನು ಬೆನ್ನು ಮತ್ತು ಕಾಲುಗಳಿಗೆ ಮುಖ್ಯವಾಗಿ ಮೀಸಲಿಡುವುದು ಸೂಕ್ತ.

6. ಮನೆಯಲ್ಲಿ 25 ನಿಮಿಷಗಳ ಬಲವರ್ಧಕ ವ್ಯಾಯಾಮ

ಅವಶ್ಯವಿರುವ ವಸ್ತುಗಳು: ಒಂದು ಜಮಖಾನ, ಅಲುಗಾಡದ ಕುರ್ಚಿ, 5 ಲೀಟರ್‌ನ ಹಿಡಿಕೆಯಿರುವ ನೀರಿನ ಕ್ಯಾನ್. ತುಂಬಿದ ಕ್ಯಾನ್ ಸುಮಾರು 5 ಕಿಲೋಗ್ರಾಂ ತೂಗುತ್ತದೆ.

(1) ಮೈ ಬಿಸಿ ಮಾಡಿಕೊಳ್ಳುವುದು: ನಿಂತಲ್ಲೇ ನಡಿಗೆ, ಭುಜ ಮತ್ತು ಸೊಂಟ ತಿರುಗಿಸುವುದು, 5 ನಿಮಿಷ.
(2) ಕುರ್ಚಿಯಿಂದ ಕೈ ಊರದೆ ಏಳುವುದು ಮತ್ತು ಕೂರುವುದು: 10ರಿಂದ 15 ಬಾರಿ. ಅಭ್ಯಾಸವಾದ ನಂತರ ಬಸ್ಕಿ.
(3) ಗೋಡೆಗೆ ಕೈಯೂರಿ ತಳ್ಳುವುದು: 10 ಬಾರಿ. ಸುಲಭವೆನಿಸಿದಾಗ ಮೊಣಕಾಲೂರಿ, ತದನಂತರ ಪೂರ್ಣ ಪುಷ್-ಅಪ್.
(4) ಒಂದು ಕೈಯನ್ನು ಕುರ್ಚಿಯ ಮೇಲೂರಿ, ಬೆನ್ನನ್ನು ನೇರವಾಗಿರಿಸಿಕೊಂಡು ಬಾಗಿ, ಇನ್ನೊಂದು ಕೈಯಿಂದ ನೀರಿನ ಕ್ಯಾನನ್ನು ಸೊಂಟದವರೆಗೆ ಎಳೆಯುವುದು: ಪ್ರತಿ ಕೈಗೆ 10 ಬಾರಿ.
(5) ಸೇತುಬಂಧಾಸನದ ಭಂಗಿಯಲ್ಲಿ ಸೊಂಟ ಎತ್ತಿ ಇಳಿಸುವುದು: 12 ಬಾರಿ.
(6) ಮೊಣಕೈಗಳ ಮೇಲೆ ಪ್ಲ್ಯಾಂಕ್: 15ರಿಂದ 30 ಸೆಕೆಂಡು.
(7) ಅಡುಗೆಕಟ್ಟೆ ಅಥವಾ ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವುದು: ಪ್ರತಿ ಕಾಲಿಗೆ 10 ಸೆಕೆಂಡು.

(2)ರಿಂದ (7)ರವರೆಗಿನ ಸುತ್ತನ್ನು ಎರಡು ಬಾರಿ ಮಾಡತಕ್ಕದ್ದು. ಶ್ರಮ ಪಡುವಾಗ ಉಸಿರನ್ನು ಬಿಗಿ ಹಿಡಿಯದೆ ಹೊರಬಿಡತಕ್ಕದ್ದು. ಬಿಗಿ ಹಿಡಿದಲ್ಲಿ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ತೇವವಿರುವ ನೆಲದಲ್ಲಿಯೂ, ಜಾರುವ ಚಾಪೆಯ ಮೇಲೂ ವ್ಯಾಯಾಮ ಮಾಡಬಾರದು.

7. ತೂಕ ಹೆಚ್ಚಿಸುವ ಕ್ರಮ ಮತ್ತು ದಾಖಲೆ

ಆರಂಭದಲ್ಲಿ 12ರಿಂದ 15 ಬಾರಿ ಸರಿಯಾದ ಭಂಗಿಯಲ್ಲಿ ಎತ್ತಬಹುದಾದ ತೂಕವನ್ನು ಆಯ್ದುಕೊಳ್ಳತಕ್ಕದ್ದು. ನಿಗದಿಪಡಿಸಿಕೊಂಡ ಸಂಖ್ಯೆಗಿಂತ ಒಂದೆರಡು ಬಾರಿ ಹೆಚ್ಚಾಗಿ, ಸತತ ಎರಡು ದಿನಗಳ ಅಭ್ಯಾಸದಲ್ಲಿ ಎತ್ತಲು ಸಾಧ್ಯವಾದಾಗ ಮಾತ್ರ ತೂಕವನ್ನು ಶೇಕಡ 2ರಿಂದ 10ರಷ್ಟು ಹೆಚ್ಚಿಸಬಹುದು. ಪಕ್ಕದವರು ಎತ್ತುವ ತೂಕವನ್ನು ಮಾನದಂಡವಾಗಿ ಇಟ್ಟುಕೊಳ್ಳಬಾರದು.

ಇದಕ್ಕಾಗಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಳ್ಳುವುದು ಉತ್ತಮ. ದಿನಾಂಕ, ಸ್ಥಳ (ಜಿಮ್ ಅಥವಾ ಮನೆ), ವ್ಯಾಯಾಮ, ತೂಕ, ಸಂಖ್ಯೆ ಮತ್ತು ನೋವಿನ ವಿವರ ಎಂಬ ಆರು ಅಂಕಣಗಳು ಸಾಕು. ಜಿಮ್ ಮತ್ತು ಮನೆಯ ವಿವರಗಳನ್ನು ಒಂದೇ ಪುಸ್ತಕದಲ್ಲಿ ಬರೆಯತಕ್ಕದ್ದು. ಹೀಗೆ ಬರೆದಲ್ಲಿ, ಯಾವ ಸ್ನಾಯುವಿಗೆ ಹೆಚ್ಚು ಶ್ರಮ ಬಿದ್ದಿದೆ, ಯಾವುದು ಬಿಟ್ಟುಹೋಗಿದೆ ಎಂಬುದು ತಿಂಗಳ ಕೊನೆಗೆ ತಾನಾಗಿಯೇ ತಿಳಿಯುತ್ತದೆ. ತರಬೇತುದಾರರಿಗೂ ವೈದ್ಯರಿಗೂ ತೋರಿಸಲು ಅನುಕೂಲವಾಗುತ್ತದೆ.

8. ಜಿಮ್‌ಗೆ ಬರಲಾಗದ ಅವಧಿ

ಪರೀಕ್ಷೆ, ಸುಗ್ಗಿ, ಮದುವೆ, ಊರಹಬ್ಬ, ಮಳೆಗಾಲ ಮುಂತಾದ ಕಾರಣಗಳಿಂದ ಕೆಲವು ವಾರ ಜಿಮ್‌ಗೆ ಬರಲಾಗದಿರುವುದು ಸಾಮಾನ್ಯ. ಎರಡು ಮೂರು ವಾರಗಳಲ್ಲಿ ಸ್ನಾಯುಬಲ ಹೆಚ್ಚೇನೂ ಕುಂದುವುದಿಲ್ಲ. ದಮ್ಮು ಮಾತ್ರ ಅದಕ್ಕಿಂತ ಬೇಗ ಇಳಿಯುತ್ತದೆ. ಆದ್ದರಿಂದ ಇಂತಹ ಅವಧಿಯಲ್ಲಿ ನಡಿಗೆಯನ್ನು ಬಿಡದೆ, ವಾರಕ್ಕೆ ಒಂದೆರಡು ಬಾರಿ 6ನೇ ಕಂಡಿಕೆಯ ವ್ಯಾಯಾಮ ಮಾಡಿದರೆ ಗಳಿಸಿದ್ದರ ಬಹುಭಾಗ ಉಳಿಯುತ್ತದೆ. ಮರಳಿ ಬಂದ ಮೊದಲ ವಾರ ಹಿಂದಿನ ತೂಕಕ್ಕಿಂತ ಕಡಿಮೆ ತೂಕದಿಂದ ಆರಂಭಿಸತಕ್ಕದ್ದು.

9. ವೈದ್ಯರ ಸಲಹೆ ಪಡೆಯಬೇಕಾದವರು

ಈ ಕೆಳಕಂಡವರು ಜಿಮ್ ಅಥವಾ ಮನೆಯಲ್ಲಿ ಬಲವರ್ಧಕ ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರನ್ನು ಕಾಣುವುದು ಅವಶ್ಯಕ.

• ಹೃದಯ ಸಂಬಂಧಿ ಕಾಯಿಲೆ ಇರುವವರು. ನಡೆಯುವಾಗ ಎದೆ ನೋವು, ತಲೆಸುತ್ತು ಅಥವಾ ಅಸಹಜ ಏದುಸಿರು ಬರುವವರು. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತದ ಇತಿಹಾಸವಿರುವವರು.
• ರಕ್ತದೊತ್ತಡ ಇರುವವರು. ವಿಶ್ರಾಂತಿಯಲ್ಲಿ 180/110ಕ್ಕಿಂತ ಹೆಚ್ಚಿದ್ದಲ್ಲಿ, ಅದು ಹತೋಟಿಗೆ ಬರುವವರೆಗೆ ವ್ಯಾಯಾಮ ಮಾಡಬಾರದು.
• ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಅಂಶ ತಗ್ಗಿಸುವ ಮಾತ್ರೆ ಪಡೆಯುತ್ತಿರುವವರು. ಇವರಿಗೆ ವ್ಯಾಯಾಮದ ವೇಳೆಯಲ್ಲಿಯೂ, ಕೆಲವು ಗಂಟೆಗಳ ನಂತರವೂ ಸಕ್ಕರೆ ಅಂಶ ಕುಸಿಯಬಹುದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇಟ್ಟುಕೊಳ್ಳತಕ್ಕದ್ದು.
• ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು, ಮೂಳೆ ಸವೆತ ಇರುವವರು.

ವ್ಯಾಯಾಮದ ನಡುವೆ ಎದೆಯಲ್ಲಿ ಒತ್ತಿದಂತಾಗುವುದು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವುದು ಕಂಡುಬಂದಲ್ಲಿ ಕೂಡಲೇ ನಿಲ್ಲಿಸಿ 108ಕ್ಕೆ ಕರೆ ಮಾಡತಕ್ಕದ್ದು. ವಾಯು ತುಂಬಿರಬಹುದೆಂದು ಊಹಿಸಿ ಸಮಯ ಕಳೆಯಬಾರದು. ಮನೆಯಲ್ಲಿ ಒಬ್ಬರೇ ವ್ಯಾಯಾಮ ಮಾಡುವ ಹಿರಿಯರು ಕೋಣೆಯ ಚಿಲಕ ಹಾಕಿಕೊಳ್ಳದೆ, ದೂರವಾಣಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವುದು ಕ್ಷೇಮಕರ.

10. ಆಹಾರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಸೂಚಿಸಿದಂತೆ, ವಯಸ್ಕರಿಗೆ ದೇಹ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. 60 ಕಿಲೋಗ್ರಾಂ ತೂಕದವರಿಗೆ ಇದು ಸುಮಾರು 50 ಗ್ರಾಂ. ನಿಯಮಿತವಾಗಿ ತೂಕ ಎತ್ತುವವರಿಗೆ ಸ್ವಲ್ಪ ಹೆಚ್ಚು ಬೇಕಾಗಬಹುದು. ಬೇಳೆ, ಹುರುಳಿ, ಮೊಳಕೆ ಹೆಸರುಕಾಳು, ಕಡಲೆ, ಹಾಲು, ಮೊಸರು, ಮೊಟ್ಟೆ, ಮೀನುಗಳಿಂದ ಇದನ್ನು ಪಡೆಯಬಹುದು. ಮೈ ಕಟ್ಟುವ ಉದ್ದೇಶಕ್ಕಾಗಿ ಪ್ರೋಟೀನ್ ಪುಡಿಗಳನ್ನು ಬಳಸದಿರುವಂತೆ ಇದೇ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ಸಲಹೆ ನೀಡಿದೆ. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದನ್ನು ಯಾರೇ ನೀಡಿದರೂ ಸ್ವೀಕರಿಸಬಾರದು. ಇವುಗಳಿಂದ ಹೃದಯ, ಯಕೃತ್ತು ಮತ್ತು ಸಂತಾನಶಕ್ತಿಗೆ ಹಾನಿಯಾಗುತ್ತದೆ.

11. ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸುವ ಮುನ್ನ

(ಅ) ವಾರಕ್ಕೆ ಎಷ್ಟು ದಿನ ಖಚಿತವಾಗಿ ಬರಲು ಸಾಧ್ಯವೆಂಬುದನ್ನು ಮೊದಲು ನಿರ್ಧರಿಸಿಕೊಳ್ಳತಕ್ಕದ್ದು.

(ಆ) ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ನೋಡದೆ, ಒಂದು ಹಾಜರಾತಿಯ ಲೆಕ್ಕದಲ್ಲಿ ನೋಡಬೇಕು. ಉದಾಹರಣೆಗೆ, ವಾರ್ಷಿಕ ಶುಲ್ಕ ರೂ. 6,000 ಎಂದು ಭಾವಿಸಿದಲ್ಲಿ, ವಾರಕ್ಕೆ 2 ದಿನದಂತೆ 50 ವಾರ ಬಂದವರಿಗೆ ಒಂದು ದಿನಕ್ಕೆ ರೂ. 60 ತಗಲುತ್ತದೆ. ಮೊದಲ ತಿಂಗಳು ಪ್ರತಿದಿನ ಎಂಬಂತೆ 25 ದಿನ ಬಂದು ನಿಲ್ಲಿಸಿದವರಿಗೆ ಅದು ರೂ. 240 ಆಗುತ್ತದೆ. ಮೊದಲ ಬಾರಿಗೆ ಸೇರುವವರು, ಅವಕಾಶವಿದ್ದಲ್ಲಿ, ಒಂದು ಅಥವಾ ಮೂರು ತಿಂಗಳ ಸದಸ್ಯತ್ವ ಪಡೆಯುವುದು ಸೂಕ್ತ.

(ಇ) ಜಿಮ್‌ನ ವೇಳೆ, ಮಹಿಳೆಯರಿಗೆ ಪ್ರತ್ಯೇಕ ಸಮಯ, ತರಬೇತುದಾರರ ಲಭ್ಯತೆ, ವಯೋಮಿತಿ, ಶುಲ್ಕ ಹಾಗೂ ಸಲ್ಲಿಸಬೇಕಾದ ದಾಖಲೆಗಳು ಆಯಾ ಕ್ರೀಡಾಂಗಣಕ್ಕೆ ಅನುಗುಣವಾಗಿ ಬದಲಾಗುತ್ತವೆ. ಸಂಬಂಧಿಸಿದ ಕ್ರೀಡಾಂಗಣದ ಕಚೇರಿಯಲ್ಲಿ ವಿಚಾರಿಸಿ, ಶುಲ್ಕಕ್ಕೆ ರಸೀದಿ ಪಡೆಯತಕ್ಕದ್ದು.

(ಈ) ತಮ್ಮ ಕಾಯಿಲೆ, ಔಷಧಿ ಮತ್ತು ಹಳೆಯ ಪೆಟ್ಟಿನ ವಿವರಗಳನ್ನು ತರಬೇತುದಾರರಿಂದ ಮರೆಮಾಚಬಾರದು. ಮನೆಯಲ್ಲಿ ಮಾಡುತ್ತಿರುವ ವ್ಯಾಯಾಮವನ್ನೂ ತಿಳಿಸತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಳಿಗ್ಗೆ ಜಿಮ್, ಸಂಜೆ ಮನೆಯ ವ್ಯಾಯಾಮ ಮಾಡಬಹುದೇ?
ಉತ್ತರ: ನಡಿಗೆ ಮತ್ತು ಆಸನಗಳನ್ನು ಮಾಡಬಹುದು. ಬೆಳಿಗ್ಗೆ ಶ್ರಮಿಸಿದ ಸ್ನಾಯುಗಳಿಗೇ ಸಂಜೆ ಪುನಃ ಕಠಿಣ ಶ್ರಮ ನೀಡಬಾರದು.

ಪ್ರಶ್ನೆ: ಮನೆಯ ವ್ಯಾಯಾಮವೊಂದೇ ಸಾಲದೇ?
ಉತ್ತರ: ಸಾಮಾನ್ಯ ಆರೋಗ್ಯಕ್ಕೆ ಸಾಕಾಗಬಹುದು. ಆದರೆ ಬಲ ಹೆಚ್ಚಿದಂತೆ ತೂಕವನ್ನು ಹಂತ ಹಂತವಾಗಿ ಏರಿಸಲು ಮತ್ತು ಎಳೆಯುವ ವ್ಯಾಯಾಮಗಳಿಗೆ ಮನೆಯಲ್ಲಿ ಅನುಕೂಲ ಕಡಿಮೆ.

ಪ್ರಶ್ನೆ: ಉದ್ಯಾನಗಳಲ್ಲಿರುವ ಹೊರಾಂಗಣ ಜಿಮ್ ಉಪಕರಣಗಳು ಜಿಮ್‌ಗೆ ಸಮವೇ?
ಉತ್ತರ: ಕೀಲುಗಳ ಚಲನೆಗೆ ಮತ್ತು ಲಘು ವ್ಯಾಯಾಮಕ್ಕೆ ಉಪಯುಕ್ತ. ಅವುಗಳಲ್ಲಿ ಬಹುತೇಕ ಉಪಕರಣಗಳ ತೂಕವನ್ನು ಬದಲಿಸಲಾಗದ ಕಾರಣ, ಅವನ್ನು ಮನೆಯ ವ್ಯಾಯಾಮದ ಸಾಲಿಗೆ ಸೇರಿಸಿಕೊಳ್ಳುವುದು ಸೂಕ್ತ.

ಪ್ರಶ್ನೆ: ಮಹಿಳೆಯರು ತೂಕ ಎತ್ತಿದಲ್ಲಿ ಪುರುಷರಂತೆ ಮೈ ಉಬ್ಬುವುದೇ?
ಉತ್ತರ: ಇಲ್ಲ. ಮುಟ್ಟು ನಿಂತ ನಂತರ ಮೂಳೆಗಳು ವೇಗವಾಗಿ ಸವೆಯುವುದರಿಂದ, ಬಲವರ್ಧಕ ವ್ಯಾಯಾಮವು ಮಹಿಳೆಯರಿಗೆ ವಿಶೇಷವಾಗಿ ಅವಶ್ಯಕ.

ಪ್ರಶ್ನೆ: ಮನೆಯಲ್ಲಿ ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆ ಕರಗುವುದೇ?
ಉತ್ತರ: ಹೊಟ್ಟೆಯ ಸ್ನಾಯು ಬಲಗೊಳ್ಳುತ್ತದೆ. ಬೊಜ್ಜು ಆ ಒಂದು ಜಾಗದಲ್ಲಿ ಮಾತ್ರ ಕರಗುವುದಿಲ್ಲ. ಅದಕ್ಕೆ ಆಹಾರದ ಹತೋಟಿ ಮತ್ತು ಒಟ್ಟಾರೆ ಚಟುವಟಿಕೆ ಬೇಕು.

ಪ್ರಶ್ನೆ: ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧತೆ ನಡೆಸುವವರು ಏನು ಮಾಡಬೇಕು?
ಉತ್ತರ: ಓಟ, ಜಿಗಿತ ಮತ್ತು ಗುಂಡು ಎಸೆತದ ಅಭ್ಯಾಸವನ್ನು ಮೈದಾನದಲ್ಲಿಯೇ ಮಾಡತಕ್ಕದ್ದು. ಜಿಮ್ ವಾರಕ್ಕೆ 2 ದಿನ ಸಾಕು. ವೇಗದ ಓಟದ ಹಿಂದಿನ ದಿನ ಕಾಲಿನ ಭಾರದ ಕಸರತ್ತು ಬೇಡ. ಪರೀಕ್ಷೆಯ ಮಾನದಂಡಗಳಿಗೆ ಆಯಾ ವರ್ಷದ ಅಧಿಸೂಚನೆಯನ್ನೇ ನೋಡತಕ್ಕದ್ದು.

ಪ್ರಶ್ನೆ: ಜಿಮ್‌ಗೆ ಹೋಗುವುದು ಹೃದಯಕ್ಕೆ ಅಪಾಯಕಾರಿಯೇ?
ಉತ್ತರ: 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ನಿಧನರಾದ ನಂತರ ಈ ಆತಂಕವು ರಾಜ್ಯದಾದ್ಯಂತ ಹೆಚ್ಚಾಯಿತು. ಒಂದು ಘಟನೆಯಿಂದ ವ್ಯಾಯಾಮವೇ ಅಪಾಯವೆಂದು ತೀರ್ಮಾನಿಸುವುದು ಸರಿಯಲ್ಲ. ನಿಯಮಿತ ವ್ಯಾಯಾಮವು ಹೃದ್ರೋಗದ ಸಂಭವವನ್ನು ಕಡಿಮೆ ಮಾಡುತ್ತದೆ. ಅಪಾಯ ಹೆಚ್ಚುವುದು ಹೃದಯದ ದೋಷವನ್ನು ಅರಿಯದವರು, ಅಭ್ಯಾಸವಿಲ್ಲದೆ, ಹಠಾತ್ತನೆ ತೀವ್ರ ಶ್ರಮ ಪಟ್ಟಾಗ. ವಾರವಿಡೀ ಮನೆಯಲ್ಲಿ ನಡಿಗೆ ಮತ್ತು ಲಘು ವ್ಯಾಯಾಮವನ್ನು ರೂಢಿಸಿಕೊಂಡವರ ದೇಹವು ಜಿಮ್‌ನ ಶ್ರಮಕ್ಕೆ ಸಿದ್ಧವಾಗಿರುತ್ತದೆ. ಹೊಂದಾಣಿಕೆಯ ಒಂದು ಮುಖ್ಯ ಪ್ರಯೋಜನ ಇದೇ ಆಗಿದೆ.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ, ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಸದಸ್ಯತ್ವದ ಅರ್ಜಿ ನಮೂನೆ ಹಾಗೂ ಹೆಚ್ಚಿನ ವಿವರಗಳಿಗಾಗಿ ಕಚೇರಿ ವೇಳೆಯಲ್ಲಿ ಸಂಬಂಧಿಸಿದ ಜಿಲ್ಲಾ ಕ್ರೀಡಾಂಗಣದ ಕಚೇರಿಯನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.